ಕಿಟಕಿಯ ಬೆಳಕಿನಲ್ಲಿ ಆಡುವ ಆಟಗಳು



ಕಳೆದ ಎರಡು ತಿಂಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮೂವರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳಿದ್ದಾರೆ. "ಮೇಷ್ಟ್ರೇ, ಮಗನ ಕೈಗೆ ಫೋನು ಕೊಡುವ ಬದಲು ಹಳೆಯ ಕಾಲದ ಗೇಮ್ ಬಾಯ್‌ನಂಥದೊಂದನ್ನು ಕೊಡಿಸೋಣ ಎಂದಿದ್ದೇನೆ. ಯಾವ ಆಟಗಳು ಒಳ್ಳೆಯವು?" ಮೂವತ್ತು ವರ್ಷಕ್ಕೂ ಮಿಕ್ಕಿ ಲೆಕ್ಕ ಕಲಿಸಿದ ಮುದುಕನನ್ನು ಇಂಥ ಪ್ರಶ್ನೆ ಕೇಳುವುದು ಹೊರಗಿನವರಿಗೆ ವಿಚಿತ್ರವೆನಿಸೀತು. ಆದರೆ ನಮ್ಮ ಮನೆಯ ಜಗಲಿಯನ್ನು ಸಂಜೆಯ ಹೊತ್ತು ಕಂಡವರಿಗೆ ಕಾರಣ ಗೊತ್ತು. ಒಬ್ಬೊಬ್ಬರಿಗೂ ದೂರವಾಣಿಯಲ್ಲಿ ಹೇಳುವುದಕ್ಕಿಂತ ಇಲ್ಲಿಯೇ ಬರೆದುಬಿಡುವುದು ಲೇಸೆಂದು ಕುಳಿತಿದ್ದೇನೆ.

ಬೊಮ್ಮನಹಳ್ಳಿಯನ್ನು ಬಹಳ ಕಾಲದಿಂದ ನೋಡದವರಿಗಾಗಿ ಎರಡು ಮಾತು. ನಮ್ಮ ನಗರಸಭೆ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಲೀನವಾಯಿತು. 2010ರಲ್ಲಿ ಹೊಸೂರು ರಸ್ತೆಯ ಮೇಲೊಂದು ಮೇಲುರಸ್ತೆ ಬಂದಿತು. 2025ರ ಆಗಸ್ಟ್‌ನಿಂದ ಹಳದಿ ಮಾರ್ಗದ ಮೆಟ್ರೋ ರೈಲೂ ಓಡುತ್ತಿದೆ. ಇವೆಲ್ಲದರ ಕೆಳಗೆ, ನೆಲದ ಮೇಲೆ, ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ನಡೆದುಹೋಗುವ ಹೆಣ್ಣುಮಕ್ಕಳ ಸಾಲು ಮಾತ್ರ ಹಾಗೆಯೇ ಇದೆ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹೊಸ ನಿಯಮವನ್ನು ವಿರೋಧಿಸಿ ರಸ್ತೆಗಿಳಿದು, ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಳ್ಳುವಂತೆ ಮಾಡಿದವರು ಇವರೇ. ಇವರ ಮಕ್ಕಳು ಶಾಲೆ ಬಿಟ್ಟು ನಾಲ್ಕಕ್ಕೆ ವಠಾರಕ್ಕೆ ಮರಳುತ್ತಾರೆ. ತಾಯಂದಿರು ಬರುವಾಗ ಆರೂವರೆ, ಏಳು. ಆ ನಡುವಿನ ಎರಡೂವರೆ ಗಂಟೆ ಯಾರದ್ದೂ ಅಲ್ಲದ ಹೊತ್ತು. ನಮ್ಮ ಓಣಿಯ ಆರೇಳು ಮಕ್ಕಳು ಆ ಹೊತ್ತಿನಲ್ಲಿ ನಮ್ಮ ಜಗಲಿಗೆ ಬರುತ್ತಾರೆ. ಮೊದಲು ಮನೆಪಾಠ, ಆಮೇಲೆ ಆಟ.

ಆಟದ ವಿಷಯ ನನಗೆ ಗಂಭೀರವಾದದ್ದು ಒಂದು ಘಟನೆಯಿಂದ. ಪಕ್ಕದ ಬೀದಿಯ ಹತ್ತನೆಯ ತರಗತಿಯ ಹುಡುಗನೊಬ್ಬ ತಾಯಿಯ ಫೋನಿನಲ್ಲಿ ಹಣ ಕಟ್ಟಿ ಆಡುವ ಆಟಕ್ಕೆ ಬಿದ್ದ. ಮೊದಲು ಇಪ್ಪತ್ತು ರೂಪಾಯಿ ಗೆದ್ದನಂತೆ. ಆಮೇಲೆ ತಾಯಿಯ ಒಂದು ತಿಂಗಳ ಸಂಬಳ ಎರಡು ರಾತ್ರಿಯಲ್ಲಿ ಹೋಯಿತು. ಆಕೆ ಬಾಗಿಲಲ್ಲಿ ನಿಂತು, "ಬಾಡಿಗೆ ಕಟ್ಟೋಕೆ ಇಟ್ಟಿದ್ದು ಮೇಷ್ಟ್ರೇ" ಎಂದಷ್ಟೇ ಹೇಳಿದರು; ಅಳಲೂ ಇಲ್ಲ. ಆ ಹುಡುಗ ಪರೀಕ್ಷೆಗೆ ಕೂರಲಿಲ್ಲ. ಈಗ ಒಂದು ಗೋದಾಮಿನಲ್ಲಿ ಪೊಟ್ಟಣ ಕಟ್ಟುತ್ತಾನೆ. ಇಂಥ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ನೀಡಿತು. ಒಳ್ಳೆಯದೇ ಆಯಿತು. ಆದರೆ ಕಾಯ್ದೆಯು ಬಾಗಿಲು ಮುಚ್ಚೀತೇ ಹೊರತು ನಾಲ್ಕರಿಂದ ಆರೂವರೆಯವರೆಗಿನ ಹೊತ್ತನ್ನು ತುಂಬಲಾರದು.

ನಮ್ಮ ಜಗಲಿಯಲ್ಲಿರುವ ಯಂತ್ರ ನನ್ನ ಅಕ್ಕನ ಮಗನದು. ಅಮೆರಿಕದಿಂದ ಬಂದವನು ಅಟ್ಟ ಶುಚಿಗೊಳಿಸುವಾಗ ಸಿಕ್ಕಿತೆಂದು, "ಮಾವ, ನಿಮ್ಮ ಮಕ್ಕಳಿಗೆ ಇರಲಿ" ಎಂದು ತನ್ನ ಗೇಮ್ ಬಾಯ್ ಕಲರ್ ಅನ್ನೂ ಒಂದು ಬಿಸ್ಕತ್ತಿನ ಡಬ್ಬಿಯ ತುಂಬ ಕಾರ್ಟ್ರಿಜ್‌ಗಳನ್ನೂ ಕೊಟ್ಟುಹೋದ. ಜಪಾನಿನ ನಿಂಟೆಂಡೊ ಕಂಪನಿ ಮೂಲ ಗೇಮ್ ಬಾಯನ್ನು ಹೊರತಂದದ್ದು 1989ರಲ್ಲಿ. ಈ ಕಲರ್ ಮಾದರಿ 1998ರದು, ಹಳೆಯ ಕಾರ್ಟ್ರಿಜ್‌ಗಳನ್ನೂ ಇದು ಓದುತ್ತದೆ. ಅಂದಹಾಗೆ, ಮೂಲ ಯಂತ್ರದ ಹಿಂದಿದ್ದ ಗುನ್‌ಪೆ ಯೊಕೊಯಿ ಎಂಬ ಎಂಜಿನಿಯರರ ವಿಚಾರ ನನಗೆ ತುಂಬ ಹಿಡಿಸಿದೆ. ಹೊಚ್ಚಹೊಸ ತಂತ್ರಜ್ಞಾನದ ಹಿಂದೆ ಓಡದೆ, ಬಳಕೆಯಲ್ಲಿ ಪಳಗಿ ಅಗ್ಗವಾದದ್ದನ್ನೇ ಹೊಸ ಬಗೆಯಲ್ಲಿ ದುಡಿಸಿಕೊಳ್ಳಬೇಕೆಂಬುದು ಅವರ ಮತ. ಅದೇ ಕಾಲದ ಅಟಾರಿ ಲಿಂಕ್ಸ್, ಸೆಗಾ ಗೇಮ್ ಗೇರ್‌ಗಳಿಗೆ ಬಣ್ಣದ, ತಾನೇ ಬೆಳಗುವ ತೆರೆಯಿತ್ತು. ಆರು ಸೆಲ್‌ಗಳನ್ನು ಅವು ಕೆಲವೇ ಗಂಟೆಗಳಲ್ಲಿ ಕುಡಿದುಬಿಡುತ್ತಿದ್ದವು. ಯೊಕೊಯಿಯವರ ಯಂತ್ರಕ್ಕಿದ್ದದ್ದು ನಾಲ್ಕೇ ಛಾಯೆಗಳ ಮಂಕು ತೆರೆ. ನಾಲ್ಕು ಸೆಲ್ ಹಾಕಿದರೆ ದಿನಗಟ್ಟಲೆ ಬರುತ್ತಿತ್ತು. ಗೆದ್ದದ್ದು ಅದೇ. ಗೇಮ್ ಬಾಯ್ ಮತ್ತು ಗೇಮ್ ಬಾಯ್ ಕಲರ್ ಒಟ್ಟಾಗಿ ಹನ್ನೊಂದು ಕೋಟಿಗೂ ಹೆಚ್ಚು ಮಾರಾಟವಾದವು.

ನಮ್ಮ ಯಂತ್ರದ ತೆರೆಗೂ ಸ್ವಂತ ಬೆಳಕಿಲ್ಲ. ಆಡಬೇಕಾದರೆ ಕಿಟಕಿಯ ಬಳಿ ಕೂರಬೇಕು. ಹೊತ್ತು ಮುಳುಗಿದರೆ ಆಟವೂ ಮುಗಿಯುತ್ತದೆ. ನಾನು ಗದರಬೇಕಾದ ಪ್ರಸಂಗವೇ ಬರುವುದಿಲ್ಲ. ಇಷ್ಟು ಒಳ್ಳೆಯ ಶಿಸ್ತಿನ ಮೇಷ್ಟ್ರನ್ನು ನಾನು ಕಂಡಿಲ್ಲ!

ಇನ್ನು ಆಟಗಳು. ನನಗೆ ಮೂರು ಒರೆಗಲ್ಲುಗಳಿವೆ. ಆಟಕ್ಕೆ ಕೊನೆಯಿರಬೇಕು ಅಥವಾ ನಡುವೆ ನಿಲ್ಲಿಸಿ ಏಳುವಂತಿರಬೇಕು. ಭಾಷೆ ಬೇಡದಿರಬೇಕು: ನಮ್ಮ ಜಗಲಿಯಲ್ಲಿ ರಾಯಚೂರಿನ ಕನ್ನಡ, ಹೊಸೂರಿನ ತಮಿಳು, ಒಡಿಯಾ, ಬಿಹಾರದ ಹಿಂದಿ ಎಲ್ಲವೂ ಕೂತಿರುತ್ತವೆ, ಇಂಗ್ಲಿಷ್ ಬಲ್ಲವನೇ ಗೆಲ್ಲುವ ಆಟ ಅಲ್ಲಿ ಅನ್ಯಾಯ. ಮೂರನೆಯದಾಗಿ, ಸೋತಾಗ ಏಕೆ ಸೋತೆನೆಂಬುದು ಮಗುವಿಗೆ ತಾನಾಗಿ ತಿಳಿಯಬೇಕು. ಅಳಗುಳಿ ಮಣೆ, ಚೌಕಾಬಾರ, ಹುಲಿ-ಕುರಿ ಇವುಗಳನ್ನು ಆಡಿ ಬೆಳೆದವರಿಗೆ ಇವು ಹೊಸ ಮಾತೇನಲ್ಲ.

ಮೊದಲ ಸ್ಥಾನ ನಿಸ್ಸಂಶಯವಾಗಿ ಟೆಟ್ರಿಸ್‌ಗೆ. ತೊಂಬತ್ತರ ದಶಕದಲ್ಲಿ ನಿಮ್ಮಲ್ಲಿ ಹಲವರ ಚೀಲಗಳಲ್ಲಿ ಇದರ ಬಡ ನಕಲು ಇರುತ್ತಿತ್ತು. 'ಬ್ರಿಕ್ ಗೇಮ್' ಎಂದು ಬರೆದ, 9999 ಆಟಗಳಿವೆಯೆಂದು ಸುಳ್ಳು ಹೇಳುವ ಆ ಪ್ಲಾಸ್ಟಿಕ್ ಯಂತ್ರ! (ಹಿಂದಿನ ಬೆಂಚಿನವರು ನಗಬೇಡಿ.) ಮೂಲ ಆಟವನ್ನು 1984ರಲ್ಲಿ ಮಾಸ್ಕೋದ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸಿ ಪಜಿತ್ನೋವ್ ರೂಪಿಸಿದರು. ಅವರ ಎಲೆಕ್ಟ್ರೋನಿಕಾ 60 ಗಣಕಕ್ಕೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಆವರಣ ಚಿಹ್ನೆಗಳನ್ನೇ ಜೋಡಿಸಿ ಚೌಕ ಮಾಡಿದರಂತೆ. ಅಮೆರಿಕದಲ್ಲಿ ಗೇಮ್ ಬಾಯ್ ಕೊಂಡವರಿಗೆಲ್ಲ ಈ ಆಟವನ್ನು ಜೊತೆಯಲ್ಲೇ ಕೊಟ್ಟದ್ದರಿಂದ ಅದು ಮಕ್ಕಳಷ್ಟೇ ಅಲ್ಲ, ದೊಡ್ಡವರ ಕೈಗೂ ಹೋಯಿತು. ಗೇಮ್ ಬಾಯ್ ಟೆಟ್ರಿಸ್‌ನಲ್ಲಿ ಎರಡು ಬಗೆ. 'ಎ' ಬಗೆ ಸೋಲುವವರೆಗೂ ಸಾಗುತ್ತದೆ. 'ಬಿ' ಬಗೆಯಲ್ಲಿ ಇಪ್ಪತ್ತೈದು ಸಾಲು ಅಳಿಸಿದರೆ ಮುಗಿಯಿತು. ಮಕ್ಕಳಿಗೆ 'ಬಿ' ಕೊಡಿ. ಸರದಿ ಕಾಯುವವರಿಗೂ ತಮ್ಮ ಪಾಳಿ ಯಾವಾಗ ಎಂಬುದು ಗೊತ್ತಾಗುತ್ತದೆ.

ಟೆಟ್ರಿಸ್ ನನಗೆ ಪ್ರಿಯವಾಗಿರುವುದು ಅದನ್ನು ಯಂತ್ರದಿಂದ ಹೊರಗೆ ತೆಗೆಯಬಹುದು ಎಂಬ ಕಾರಣಕ್ಕೆ. ಒಂದು ಸಂಜೆ ಸೆಲ್ ಮುಗಿದುಹೋಗಿತ್ತು. ಚೌಕಳಿ ಹಾಳೆಯಲ್ಲಿ ಏಳೂ ತುಂಡುಗಳನ್ನು ಕತ್ತರಿಸಲು ಹೇಳಿದೆ. ತುಂಡಿಗೆ ನಾಲ್ಕು ಚೌಕದಂತೆ ಏಳು ತುಂಡಿಗೆ ಇಪ್ಪತ್ತೆಂಟು ಚೌಕ. "ಅಡ್ಡಕ್ಕೆ ಏಳು, ಉದ್ದಕ್ಕೆ ನಾಲ್ಕು ಇರುವ ಆಯತವನ್ನು ಈ ಏಳರಿಂದ ತುಂಬಿಸಿ" ಎಂದೆ. ಮುಕ್ಕಾಲು ಗಂಟೆ ಜಗಲಿಯಲ್ಲಿ ಸದ್ದೇ ಇಲ್ಲ. ಕೊನೆಗೆ ಏಳನೆಯ ತರಗತಿಯ ಹುಡುಗಿಯೊಬ್ಬಳು ತಲೆಯೆತ್ತಿ, "ಇದು ಆಗಲ್ಲ ಅನ್ಸುತ್ತೆ ತಾತ" ಎಂದಳು. "ಅನ್ಸಿದ್ರೆ ಸಾಲದು, ಏಕೆ ಆಗುವುದಿಲ್ಲ ಹೇಳು" ಎಂದೆ.

ಉತ್ತರ ಎರಡು ದಿನ ತೆಗೆದುಕೊಂಡಿತು. ನಾನು ಕೊಟ್ಟ ಸುಳಿವು ಒಂದೇ: ಆಯತಕ್ಕೆ ಚದುರಂಗದ ಹಾಸಿನಂತೆ ಕಪ್ಪು ಬಿಳುಪು ಬಣ್ಣ ಹಚ್ಚಿರಿ ಎಂದು. ಹಚ್ಚಿದಾಗ ಹದಿನಾಲ್ಕು ಕಪ್ಪು, ಹದಿನಾಲ್ಕು ಬಿಳಿ. ಈಗ ತುಂಡುಗಳನ್ನು ಇಡುತ್ತ ಬನ್ನಿ. ಕೋಲು ಎಲ್ಲಿಟ್ಟರೂ ಎರಡು ಕಪ್ಪು, ಎರಡು ಬಿಳಿಯನ್ನು ಮುಚ್ಚುತ್ತದೆ. ಚಚ್ಚೌಕವೂ ಹಾಗೆಯೇ. ಎರಡು ಮೊಣಕೈ ತುಂಡುಗಳು, ಎರಡು ಮೆಟ್ಟಿಲು ತುಂಡುಗಳು ಇವೂ ಎರಡೆರಡು. ಉಳಿದದ್ದು ಒಂದು, ನಡುವೆ ಮೂಗು ಚಾಚಿದ ತುಂಡು. ಅದು ಎಲ್ಲಿ ಕೂತರೂ ಒಂದು ಬಣ್ಣದ ಮೂರು, ಇನ್ನೊಂದು ಬಣ್ಣದ ಒಂದನ್ನು ಮುಚ್ಚುತ್ತದೆ. ಹಾಗಾಗಿ ಏಳು ತುಂಡುಗಳು ಸೇರಿ ಮುಚ್ಚುವುದು ಹದಿನೈದು ಮತ್ತು ಹದಿಮೂರು. ಬೇಕಾದದ್ದು ಹದಿನಾಲ್ಕು, ಹದಿನಾಲ್ಕು. ಸಾವಿರ ವರ್ಷ ಜೋಡಿಸಿದರೂ ಆಗದು! ಎರಡನೆಯ ದಿನ ಆ ಹುಡುಗಿ ಬಾಗಿಲಿನಿಂದಲೇ "ತಾತ, ಮೂಗಿನದು!" ಎಂದು ಕೂಗಿದಳು. ಒಂದು ಸಂಗತಿ ಅಸಾಧ್ಯವೆಂದು ಸಾಧಿಸುವುದು ಏನೆಂಬುದನ್ನು ಹತ್ತನೆಯ ತರಗತಿಯಲ್ಲಿ ವರ್ಗಮೂಲದ ಪಾಠದ ಮೂಲಕ ತಿಳಿಸಲು ನಾನು ಪಡುತ್ತಿದ್ದ ಪಾಡು ನಿಮಗೆ ನೆನಪಿರಬಹುದು. ಎರಡು ಜೊತೆ ತುಂಡುಗಳನ್ನು ತೆಗೆದುಕೊಂಡರೆ ಮೂಗುಗಳೂ ಎರಡಾಗಿ ಈ ಅಡ್ಡಿ ತೊಲಗುತ್ತದೆ. ಮುಂದಿನದು ನಿಮಗೆ ಮನೆಗೆಲಸ.

ಎರಡನೆಯ ಆಟ ಸೊಕೊಬಾನ್. ಜಪಾನೀ ಭಾಷೆಯಲ್ಲಿ ಗೋದಾಮಿನ ಕಾವಲುಗಾರನೆಂದರ್ಥ. ಹಿರೊಯುಕಿ ಇಮಬಯಾಶಿ ಎಂಬುವರು ಎಂಬತ್ತರ ದಶಕದ ಆರಂಭದಲ್ಲಿ ರಚಿಸಿದ್ದು. ಗೇಮ್ ಬಾಯ್‌ಗೆ ಇಂಗ್ಲಿಷ್‌ನಲ್ಲಿ 'ಬಾಕ್ಸಲ್' ಎಂಬ ಹೆಸರಿನಿಂದ ಬಂದಿದೆ. ಗೋದಾಮಿನ ಪೆಟ್ಟಿಗೆಗಳನ್ನು ಗುರುತಿಟ್ಟ ಜಾಗಗಳಿಗೆ ಸೇರಿಸಬೇಕು, ಅಷ್ಟೇ. ಆದರೆ ಪೆಟ್ಟಿಗೆಯನ್ನು ನೂಕಬಹುದೇ ಹೊರತು ಎಳೆಯುವಂತಿಲ್ಲ; ಒಮ್ಮೆಗೆ ಒಂದೇ. ಮೂಲೆಗೆ ನೂಕಿದ ಪೆಟ್ಟಿಗೆ ಮತ್ತೆ ಬಾರದು. ಗಡಿಯಾರವಿಲ್ಲ, ಶತ್ರುವಿಲ್ಲ, ಗುಂಡಿನ ಸದ್ದಿಲ್ಲ. ಎಲ್ಲ ಕೆಟ್ಟದ್ದನ್ನೂ ನಾವೇ ಮಾಡಿಕೊಳ್ಳಬೇಕು! ಮೊದಮೊದಲು ಮಕ್ಕಳು ಕಂಡ ಪೆಟ್ಟಿಗೆಯನ್ನು ಕಂಡತ್ತ ನೂಕುತ್ತಾರೆ. ಒಂದು ವಾರದ ಮೇಲೆ ಕೈ ಕಟ್ಟಿ ಕೂತು ನೋಡಲು ಕಲಿಯುತ್ತಾರೆ. ಕೊನೆಯ ಪೆಟ್ಟಿಗೆ ಯಾವ ದಾರಿಯಿಂದ ಒಳಬರಬೇಕೆಂದು ನೋಡಿ, ಅಲ್ಲಿಂದ ಹಿಂದೆ ಹಿಂದೆ ಬರುತ್ತಾರೆ. ರೇಖಾಗಣಿತದ ಸಾಧನೆಗಳನ್ನು ಕೆಳಗಿನಿಂದ ಮೇಲಕ್ಕೆ ಯೋಚಿಸಿ ಎಂದು ನಾನು ಬೋರ್ಡಿನ ಮುಂದೆ ನಿಂತು ಹೇಳುತ್ತಿದ್ದುದು ಇದನ್ನೇ.

ನಮ್ಮ ಗುಂಪಿನ ಒಬ್ಬ ಹುಡುಗ ಮಾತು ಕಡಿಮೆ, ಓದುವುದು ಕಷ್ಟ, ಶಾಲೆಯಲ್ಲಿ ದಡ್ಡನೆಂಬ ಹಣೆಪಟ್ಟಿ ಬಿದ್ದಿದೆ. ಕಳೆದ ವರ್ಷವಷ್ಟೇ ಒಡಿಶಾದಿಂದ ಬಂದವನು. ಸೊಕೊಬಾನ್‌ನಲ್ಲಿ ಉಳಿದವರೆಲ್ಲ ಸಿಕ್ಕಿಕೊಂಡಾಗ ಯಂತ್ರ ತಾನಾಗಿ ಅವನ ಕೈಗೆ ಹೋಗುತ್ತದೆ. ಅವನು ತೆರೆಯನ್ನು ನೋಡುತ್ತ ನೆಲದ ಮೇಲೆ ಬೆರಳಾಡಿಸುತ್ತಾನೆ, ಆಮೇಲೆ ಒಂದೇ ಓಟಕ್ಕೆ ಮುಗಿಸುತ್ತಾನೆ. ಅವನ ಶಾಲೆಯ ಶಿಕ್ಷಕಿಯನ್ನು ಒಮ್ಮೆ ಕರೆದು ಇದನ್ನು ತೋರಿಸಿದೆ. ಆಕೆ ಬಹಳ ಹೊತ್ತು ನಿಂತು ನೋಡಿದರು. ಈಗ ಅವನು ಮೊದಲ ಬೆಂಚಿನಲ್ಲಿ ಕೂರುತ್ತಾನಂತೆ.

ಮೂರನೆಯದು 1995ರ 'ಮಾರಿಯೋಸ್ ಪಿಕ್ರಾಸ್'. ಚೌಕಗಳ ಒಂದು ಮನೆ. ಪ್ರತಿ ಸಾಲಿನ, ಪ್ರತಿ ಕಂಬದ ತುದಿಯಲ್ಲಿ ಅಂಕಿಗಳು. ಆ ಸಾಲಿನಲ್ಲಿ ಒತ್ತಾಗಿ ಎಷ್ಟು ಚೌಕ ತುಂಬಬೇಕೆಂಬುದನ್ನು ಅಂಕಿ ಹೇಳುತ್ತದೆ. ಎಲ್ಲ ಸರಿಹೋದರೆ ಚಿತ್ರ ಮೂಡುತ್ತದೆ. ಚುಕ್ಕಿ ರಂಗೋಲಿ ಬಲ್ಲ ಹೆಣ್ಣುಮಕ್ಕಳಿಗೆ ಇದು ಬೇಗ ಒಲಿಯುತ್ತದೆ. ನನ್ನ ಶ್ರೀಮತಿ ಮಧ್ಯಾಹ್ನ ಮಕ್ಕಳಿಲ್ಲದ ಹೊತ್ತಿನಲ್ಲಿ ಯಂತ್ರವನ್ನು ಎಲ್ಲಿಗೆ ಒಯ್ಯುತ್ತಾಳೆಂಬುದು ನನಗೆ ಗೊತ್ತಿದೆ. ಹತ್ತು ಚೌಕದ ಸಾಲಿಗೆ 8 ಎಂದಿದ್ದರೆ ಎಲ್ಲಿಂದ ಆರಂಭಿಸಿದರೂ ನಡುವಿನ ಆರು ಚೌಕ ತುಂಬಲೇಬೇಕು. ಈ ಒಂದು ಸೂತ್ರ ಹಿಡಿದರೆ ಅರ್ಧ ದಾರಿ ಸಾಗಿದಂತೆ. ಊಹೆಯಿಂದ ಒತ್ತಿದರೆ ಸಮಯ ಕಡಿತವಾಗುತ್ತದೆ; ಹೀಗಾಗಿ 'ಇರಬಹುದು' ಎನ್ನುವುದಕ್ಕೂ 'ಇರಲೇಬೇಕು' ಎನ್ನುವುದಕ್ಕೂ ಇರುವ ವ್ಯತ್ಯಾಸ ಮಕ್ಕಳಿಗೆ ಬೆರಳ ತುದಿಯಲ್ಲೇ ತಿಳಿಯುತ್ತದೆ.

ಉಳಿದವನ್ನು ಬೇಗ ಹೇಳುತ್ತೇನೆ. ಓಡುವ, ಜಿಗಿಯುವ ಆಟವೂ ಬೇಕೆನ್ನುವವರಿಗೆ 1994ರ ಗೇಮ್ ಬಾಯ್ 'ಡಾಂಕಿ ಕಾಂಗ್' ಸಾಕು. ನೂರಾ ಒಂದು ಹಂತಗಳು. ಹೆಚ್ಚಿನವು ಯೋಚಿಸಿ ಜಿಗಿಯಬೇಕಾದವು. ತೀರ ಚಿಕ್ಕ ಮಕ್ಕಳಿಗೆ 1992ರ 'ಕರ್ಬೀಸ್ ಡ್ರೀಮ್ ಲ್ಯಾಂಡ್' ಮೃದುವಾದದ್ದು, ಒಂದೇ ಕೂರುವಿಕೆಯಲ್ಲಿ ಮುಗಿಯುವಂಥದು. ಹಾವಿನ ಆಟ ನಿಮಗೆಲ್ಲ ಗೊತ್ತಿರುವುದೇ. 1997ರ ನೋಕಿಯಾ 6110ರಿಂದ ಮನೆಮಾತಾದದ್ದು. ಆ ಬ್ರಿಕ್ ಗೇಮ್ ಒಂದು ನಮ್ಮ ಮನೆಯಲ್ಲೂ ಇದೆ, ಅದರಲ್ಲಿ ಹಾವೂ ಇದೆ. ಒಮ್ಮೆ ಮಗಳನ್ನು ಕರೆದೊಯ್ಯಲು ಬಂದ ತಾಯಿಯೊಬ್ಬರು, ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತು ಬಂದವರು, "ಇದು ನಮ್ಮಣ್ಣನ ಫೋನಲ್ಲಿತ್ತು ಮೇಷ್ಟ್ರೇ" ಎನ್ನುತ್ತ ಕೈಗೆತ್ತಿಕೊಂಡರು. ಹಾವು ತೆರೆಯ ಮುಕ್ಕಾಲು ಭಾಗ ತುಂಬುವವರೆಗೆ ಆಡಿದರು. ಮಕ್ಕಳೆಲ್ಲ ಅವರ ಹೆಗಲ ಮೇಲಿಂದ ಇಣುಕುತ್ತಿದ್ದರು. ಮಗಳ ಮುಖ ನೋಡಬೇಕಿತ್ತು ನೀವು.

ಪೊಕೆಮಾನ್ ಬಗ್ಗೆ ಕೇಳಿಯೇ ಕೇಳುತ್ತೀರಿ. ಒಳ್ಳೆಯ ಆಟವೇ. 151 ಪ್ರಾಣಿಗಳೆಲ್ಲ ಒಂದೇ ಕಾರ್ಟ್ರಿಜ್‌ನಲ್ಲಿ ಸಿಗದಂತೆ ಮಾಡಿ, ಗೆಳೆಯನೊಡನೆ ತಂತಿ ಜೋಡಿಸಿ ವಿನಿಮಯ ಮಾಡಿಕೊಳ್ಳಲೇಬೇಕೆಂಬ ಏರ್ಪಾಡು ಜಾಣತನದ್ದು. ಆದರೆ ಓದುವುದು ಬಹಳ, ಅದೂ ಇಂಗ್ಲಿಷ್. ಮೇಲಾಗಿ ಒಂದು ಕಾರ್ಟ್ರಿಜ್‌ನಲ್ಲಿ ಒಬ್ಬರ ಆಟವನ್ನಷ್ಟೇ ಉಳಿಸಿಡಲು ಸಾಧ್ಯ. ಏಳು ಮಕ್ಕಳ ಜಗಲಿಯಲ್ಲಿ ಅದು ಜಗಳದ ಬೀಜ. ಒಬ್ಬನೇ ಮಗ, ಆರೇಳನೆಯ ತರಗತಿ, ಇಂಗ್ಲಿಷ್ ಓದು ಬೆಳೆಯಲಿ ಎನ್ನುವಿರಾದರೆ ಧಾರಾಳವಾಗಿ ಕೊಡಿ. ಹಳೆಯ ಕಾರ್ಟ್ರಿಜ್ ಕೊಳ್ಳುವಾಗ ಮಾತ್ರ ಒಳಗಿನ ನಾಣ್ಯದಂಥ ಬ್ಯಾಟರಿಯನ್ನು ವಿಚಾರಿಸಿ. ಅದು ಸತ್ತಿದ್ದರೆ ಯಂತ್ರ ಆರಿಸಿದೊಡನೆ ಆಟವೆಲ್ಲ ಅಳಿಸಿಹೋಗುತ್ತದೆ. ಬೆಸುಗೆ ಬಲ್ಲವರು ಹತ್ತು ನಿಮಿಷದಲ್ಲಿ ಬದಲಿಸಿಕೊಡುತ್ತಾರೆ.

ಕೊಳ್ಳುವ ವಿಷಯ. ನಾನೂರು ಆಟಗಳೆಂದು ಮೇಲೆ ಮುದ್ರಿಸಿದ ಅಗ್ಗದ ಪೆಟ್ಟಿಗೆಗಳು ಎಸ್.ಪಿ. ರಸ್ತೆಯಲ್ಲೂ ಅಂತರಜಾಲದಲ್ಲೂ ಬೇಕಾದಷ್ಟಿವೆ. ಅವುಗಳಲ್ಲಿ ಅದೇ ಆಟಗಳು ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಬರುತ್ತವೆ. ಮಗು ಒಂದನ್ನು ಎರಡು ನಿಮಿಷ ಆಡಿ ಮುಂದಿನದಕ್ಕೆ ಹಾರುತ್ತದೆ. ಫೋನಿನಲ್ಲಿ ಕಲಿತ ಚಾಳಿಯೇ ಇಲ್ಲೂ. ಚೀನಾದಿಂದ ಬರುವ ಉತ್ತಮ ಮಟ್ಟದ ಹೊಸ ಯಂತ್ರಗಳೂ ಇವೆ: ತೆರೆ ಚೆನ್ನು, ಕಟ್ಟಡ ಗಟ್ಟಿ. ಆದರೆ ಅವುಗಳೊಡನೆ ಬರುವ ಸಾವಿರಾರು ಆಟಗಳ ಸಂಗ್ರಹಕ್ಕೆ ಸಾಮಾನ್ಯವಾಗಿ ಆಯಾ ಆಟದ ಒಡೆಯರ ಅನುಮತಿ ಇರುವುದಿಲ್ಲ. ಮಗುವಿಗೆ ನಕಲು ಹೊಡೆಯಬೇಡ ಎಂದು ಹೇಳುವ ಮನೆಯಲ್ಲಿ ಇದು ಇರಿಸುಮುರಿಸು. ನನ್ನ ಸಲಹೆ: ಅಂಥ ಯಂತ್ರ ಕೊಂಡರೆ ಕಾರ್ಡನ್ನು ಮೊದಲು ಖಾಲಿ ಮಾಡಿ; ರಚಿಸಿದವರೇ ಉಚಿತವಾಗಿ ಹಂಚಿರುವ ಆಟಗಳನ್ನು ಹುಡುಕಿ ಹಾಕಿ. 2017ರಲ್ಲಿ ಬಂದ 'ಟೋಬು ಟೋಬು ಗರ್ಲ್' ಅಂಥದೊಂದು. ಒಮ್ಮೆಗೆ ಐದೇ ಆಟವಿರಲಿ. ಒಂದು ಮುಗಿದ ಮೇಲೆ ಇನ್ನೊಂದು.

ಕೊನೆಯ ಶಿಫಾರಸು ಆಡುವ ಆಟವಲ್ಲ, ಮಾಡುವ ಆಟ. 'ಜಿಬಿ ಸ್ಟುಡಿಯೋ' ಎಂಬ ಉಚಿತ ತಂತ್ರಾಂಶ 2019ರಿಂದ ಲಭ್ಯವಿದೆ. ಪ್ರೋಗ್ರಾಮಿಂಗ್ ಬಾರದ ಮಕ್ಕಳೂ ಚಿತ್ರ ಬರೆದು, ಘಟನೆಗಳನ್ನು ಜೋಡಿಸಿ ಗೇಮ್ ಬಾಯ್‌ನಲ್ಲಿ ನಿಜವಾಗಿ ಓಡುವ ಆಟ ಕಟ್ಟಬಹುದು. ನನ್ನ ಹಳೆಯ ಗಣಕದಲ್ಲಿ ಅದನ್ನು ಹಾಕಿಕೊಟ್ಟಿದ್ದೇನೆ. ಮಕ್ಕಳು ಆರಿಸಿಕೊಂಡ ಕಥೆ ಹೀಗಿದೆ: ಕಾರ್ಖಾನೆ ಬಿಟ್ಟ ಅಮ್ಮ ಹೊಸೂರು ರಸ್ತೆ ದಾಟಿ ಮನೆಗೆ ಬರಬೇಕು. ಲಾರಿ, ಬಿಎಂಟಿಸಿ ಬಸ್ಸು, ತಪ್ಪು ದಿಕ್ಕಿನಲ್ಲಿ ಬರುವ ಸ್ಕೂಟರು, ಮೆಟ್ರೋ ಕಂಬಗಳು. ದಾರಿಯಲ್ಲಿ ಸೊಪ್ಪು ಕೊಂಡರೆ ಹೆಚ್ಚು ಅಂಕ. ಮೂವರು ರಸ್ತೆ ಬರೆದರು, ಒಡಿಶಾದ ಹುಡುಗ ಸಂಚಾರದ ಲೆಕ್ಕ ಹಾಕಿದ. ಎಲ್ಲ ಸುಸೂತ್ರವಾಗಿತ್ತು, ಕನ್ನಡ ಬರೆಯುವವರೆಗೆ.

ಗೇಮ್ ಬಾಯ್ ತೆರೆ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕಿ. ಯಂತ್ರ ಅದನ್ನು ಎಂಟಕ್ಕೆ ಎಂಟರ ಚೌಕಗಳಾಗಿ ಒಡೆಯುತ್ತದೆ: ಇಪ್ಪತ್ತು ಕಂಬ, ಹದಿನೆಂಟು ಸಾಲು. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಚೌಕ ಸಾಕು. ನಮ್ಮ ಅಕ್ಷರ ಹಾಗಲ್ಲ. 'ಅಮ್ಮ' ಎಂದು ಬರೆಯುವಷ್ಟರಲ್ಲೇ ಒತ್ತಕ್ಷರ ಕೆಳಗಿನ ಚೌಕಕ್ಕೆ ಇಳಿಯಿತು. 'ರಸ್ತೆ'ಯಲ್ಲಿ ಮೇಲೊಂದು ಎತ್ವ, ಕೆಳಗೊಂದು ಒತ್ತು. ಏಳನೆಯ ತರಗತಿಯ ಆ ಹುಡುಗಿ ಚೌಕಳಿ ಪುಸ್ತಕದಲ್ಲಿ ಹದಿನಾರಕ್ಕೆ ಹದಿನಾರರ ಮನೆ ಹಾಕಿ ಒಂದೊಂದೇ ಅಕ್ಷರ ಬಿಡಿಸುತ್ತಿದ್ದಾಳೆ. ಸದ್ಯಕ್ಕೆ ಮಾತುಗಳನ್ನೆಲ್ಲ ಚಿತ್ರಗಳಾಗಿ ಸೇರಿಸುತ್ತಿದ್ದೇವೆ. ಆದರೆ ಮೂಲ ಗೇಮ್ ಬಾಯ್ ಹಿನ್ನೆಲೆಗೆಂದು ಒಮ್ಮೆಗೆ 256 ಚೌಕಗಳ ವಿನ್ಯಾಸವನ್ನಷ್ಟೇ ಹಿಡಿದೀತು. ರಸ್ತೆ, ಲಾರಿ, ಕಂಬಗಳೆಲ್ಲ ಅದರೊಳಗೇ. ಈವರೆಗೆ ನಲವತ್ತೊಂದು ಅಕ್ಷರ ಮುಗಿದಿವೆ. 'ಬೊಮ್ಮನಹಳ್ಳಿ' ಬಂದಿದೆ, 'ಜಾಗ್ರತೆ' ಇನ್ನೂ ಬಂದಿಲ್ಲ.

ನಿಮ್ಮಲ್ಲಿ ಹತ್ತಾರು ಮಂದಿ ಇಲೆಕ್ಟ್ರಾನಿಕ್ ಸಿಟಿಯಲ್ಲಿ ತಂತ್ರಾಂಶದ ಕೆಲಸದಲ್ಲಿದ್ದೀರಿ. ಅಕ್ಷರವನ್ನೂ ಒತ್ತನ್ನೂ ಬೇರೆ ಬೇರೆ ಇಟ್ಟುಕೊಂಡು ಬೇಕಾದಾಗ ಕೂಡಿಸುವ ದಾರಿಯೊಂದಿರಬೇಕೆಂದು ನನಗೆ ತೋರುತ್ತದೆ. ಹೇಗೆಂದು ಬಲ್ಲವರು ಯಾವುದಾದರೂ ಭಾನುವಾರ ಬೆಳಿಗ್ಗೆ ಬನ್ನಿ. ಮೆಟ್ರೋ ನಿಲ್ದಾಣದಿಂದ ನಮ್ಮ ಮನೆ ನಡೆದು ಬರುವಷ್ಟೇ ದೂರ, ದಾರಿ ನಿಮಗೆ ಗೊತ್ತೇ ಇದೆ. ತಿಂಡಿ ನಮ್ಮಲ್ಲೇ. ಬರುವಾಗ ಎರಡು ಜೊತೆ ಸೆಲ್ ಹಿಡಿದುಕೊಂಡು ಬನ್ನಿ.